ಉಪ್ಪುಗಾಳಿಯಲ್ಲಿ ಎಂಟು ವರ್ಷ: 220 ಕೆವಿ ಪಾಲಿಮರ್ ಇನ್ಸುಲೇಟರ್ ಮತ್ತು ಅದರ ಬಳೆ

ಉಡುಪಿ ಕಡೆ 220 ಕೆವಿ ಲೈನ್ ಮೇಂಟೆನೆನ್ಸ್ ನನ್ನ ಕೆಲಸ. ಟವರ್‌ಗೆ ಕರೆಂಟ್ ತಾಗದ ಹಾಗೆ ವೈರನ್ನು ಹಿಡಿದಿಡೋದು ಇನ್ಸುಲೇಟರ್. ಕಡಲ ಹತ್ತಿರದ ಟವರ್‌ಗಳಲ್ಲಿ ಪಿಂಗಾಣಿ ಡಿಸ್ಕ್ ಇಳಿಸಿ ಸಿಲಿಕೋನ್ ರಬ್ಬರ್ ಹೊದಿಕೆಯ ಪಾಲಿಮರ್ ಇನ್ಸುಲೇಟರ್ ಹಾಕಿ ಎಂಟು ವರ್ಷ ಆಯಿತು.

ಮೊದಲು ಹೇಗಿತ್ತು ಗೊತ್ತಾ? ಮಳೆಗಾಲ ಮುಗಿದ ಮೇಲೆ ಡಿಸ್ಕ್ ಮೇಲೆ ಉಪ್ಪು ಕೂರುತ್ತಿತ್ತು. ಇಬ್ಬನಿ ಬಿದ್ದರೆ ಬೆಳಗಿನ ಜಾವ ಲೈನ್ ಟ್ರಿಪ್. ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸ ಮಾಡೋ ಅನುಮತಿ) ತಗೊಂಡು ಒರೆಸೋದೇ ಕೆಲಸ. ಸ್ಟ್ರಿಂಗ್‌ಗೆ 14 ಡಿಸ್ಕ್, ಒಂದೊಂದೂ ಸುಮಾರು ಐದು ಕೆಜಿ. ಹೊಸದು ತೂಕದಲ್ಲಿ ತುಂಬಾ ಹಗುರ. ಕೆವಿಗೆ 31 ಮಿ.ಮೀ. ಕ್ರೀಪೇಜ್ (ಮೈಗುಂಟ ತುದಿಯಿಂದ ತುದಿಗೆ ಅಳೆದ ದೂರ) ಇರೋದನ್ನೇ ತರಿಸಿದೆವು. ಇಂಥ ಲೈನಿನ ಗರಿಷ್ಠ ವೋಲ್ಟೇಜ್ ಆದ 245 ಕೆವಿಗೆ ಲೆಕ್ಕ ಹಾಕಿದರೆ ಏಳೂವರೆ ಮೀಟರ್ ದಾಟುತ್ತದೆ. ಕೆಸುವಿನ ಎಲೆ ಮೇಲಿನ ಹಾಗೆ ನೀರು ಮಣಿಮಣಿಯಾಗಿ ಜಾರುತ್ತದೆ. ಇಬ್ಬನಿ ಟ್ರಿಪ್ ನಿಂತೇ ಹೋಯಿತು.

ನಮಗೆ ಪಾಠ ಕಲಿಸಿದ್ದು ರಬ್ಬರ್ ಅಲ್ಲ, ಅದರ ವೈರ್ ಕಡೆಯ ತುದಿಗೆ ಹಾಕೋ ಲೋಹದ ಉಂಗುರ, ಕೊರೊನಾ ರಿಂಗ್. ನಮ್ಮ ಹುಡುಗರು ಅದಕ್ಕೆ ಬಳೆ ಅಂತಾರೆ. ವೈರ್‌ನಿಂದ ನೆಲಕ್ಕೆ 127 ಕೆವಿ ವೋಲ್ಟೇಜ್ ಇದೆ (220 ಅನ್ನೋದು ಎರಡು ವೈರ್ ನಡುವಿನದು), ಅದು ಉದ್ದಕ್ಕೂ ಸಮನಾಗಿ ಹಂಚಿಕೊಳ್ಳೋದಿಲ್ಲ. ವೈರ್ ಕಡೆಯ ತುದಿಗೇ ಜಾಸ್ತಿ ಹೊರೆ. ಪಿಂಗಾಣಿ ಸ್ಟ್ರಿಂಗ್‌ನಲ್ಲಿ ನಡುನಡುವೆ ಲೋಹದ ಕ್ಯಾಪ್ ಇರುತ್ತದೆ. ಪಾಲಿಮರ್‌ನಲ್ಲಿ ಅದೂ ಇಲ್ಲ. ಲೋಹ, ರಬ್ಬರ್, ಗಾಳಿ ಮೂರೂ ಸೇರುವ ಜಾಗದಲ್ಲಿ ವಿದ್ಯುತ್ ಒತ್ತಡ ವಿಪರೀತ. ಬಳೆ ಆ ಜಾಗವನ್ನು ಮರೆಮಾಡಿ, ಒತ್ತಡವನ್ನು ತನ್ನ ದುಂಡನೆ ಮೈ ಮೇಲೆ ತಗೊಳ್ಳುತ್ತದೆ.

ಮೂರನೇ ವರ್ಷದ ಜನವರಿ, ರಾತ್ರಿ ಪೆಟ್ರೋಲಿಂಗ್. ಒಂದು ಟವರ್ ಕೆಳಗೆ ಬಾಣಲೆಯಲ್ಲಿ ನೀರು ಬಿದ್ದ ಹಾಗೆ ಚರ್‌ ಅಂತ ಸದ್ದು. ತಲೆ ಎತ್ತಿದರೆ ತುದಿಯಲ್ಲಿ ನೀಲಿ ಮಿಣುಕು. ಇಳಿಸಿ ನೋಡಿದೆವು. ಗುತ್ತಿಗೆಯವರು ಬಳೆಯನ್ನು ತಲೆಕೆಳಗಾಗಿ ಹಾಕಿದ್ದರು! ರೆಕ್ಕೆಗಳ (ಇನ್ಸುಲೇಟರ್ ಮೈಯ ರಬ್ಬರ್ ಬಿಲ್ಲೆಗಳ) ಕಡೆ ಮೇಲಕ್ಕೆ ಇರಬೇಕಾದದ್ದು ವೈರ್ ಕಡೆ ತೂಗಾಡುತ್ತಿತ್ತು. ತುದಿಯ ಲೋಹದ ಫಿಟ್ಟಿಂಗ್ ಪಕ್ಕ ರಬ್ಬರ್ ಮೇಲೆ ಬೆರಳಗಲ ಬಿಳಿ ಪಟ್ಟಿ. ಉಜ್ಜಿದರೆ ಸೀಮೆಸುಣ್ಣದ ಹಾಗೆ ಪುಡಿ. ಇಸ್ತ್ರಿಗೆ ನೀರು ಚಿಮುಕಿಸೋ ಬಾಟಲಿಯಿಂದ ಹೊಡೆದೆ. ಮೇಲಿನ ರೆಕ್ಕೆಗಳಲ್ಲಿ ಮಣಿ, ಆ ಪಟ್ಟಿಯಲ್ಲಿ ಮಾತ್ರ ನೀರು ಹರಡಿಕೊಂಡಿತು.

ಸುಮ್ನೆ ಹೊರಗಿನ ಕಲೆ ಅಂತ ಬಿಡೋ ಹಾಗಿಲ್ಲ. ತೇವದ ಗಾಳಿಯಲ್ಲಿ ಕೊರೊನಾ (ಗಾಳಿಗೆ ಕರೆಂಟ್ ಸೋರುವ ಆ ನೀಲಿ ಮಿಣುಕು) ಇದ್ದರೆ ನೈಟ್ರಿಕ್ ಆಮ್ಲ ಹುಟ್ಟುತ್ತದೆ. ಸೀಲ್ ಬಿಟ್ಟು ಅದು ಒಳಗಿನ ಫೈಬರ್‌ಗ್ಲಾಸ್ ರಾಡ್ ಮುಟ್ಟಿದರೆ, ಎಳೆಯುವ ಭಾರ ಹೆಚ್ಚದೆಯೂ ರಾಡ್ ಕಡ್ಡಿಯ ಹಾಗೆ ಮುರಿಯಬಹುದು. ಮುರಿದರೆ ವೈರ್ ನೆಲಕ್ಕೇ. ಆ ಲೈನಿನ ಬಳೆಗಳನ್ನೆಲ್ಲ ಬೈನಾಕ್ಯುಲರ್ ಹಿಡಿದು ಪರಿಶೀಲಿಸಿದೆವು. ಇನ್ನೂ ನಾಲ್ಕು ಉಲ್ಟಾ ಸಿಕ್ಕಿದವು.

ಕೊರತೆ ಇಲ್ಲದಿಲ್ಲ. ಒಡೆದ ಡಿಸ್ಕ್ ಬಹಳ ಸಲ ಕೆಳಗಿನಿಂದಲೇ ಕಾಣುತ್ತದೆ, ರಾಡ್ ಒಳಗಿನ ಬಿರುಕು ಕಾಣೋದಿಲ್ಲ ಅಲ್ವಾ? ಸ್ಟೋರ್‌ನಲ್ಲಿ ಇಲಿ ಕಾಟ ಬೇರೆ. ಎರಡು ಪೀಸಿನ ರೆಕ್ಕೆ ಕಡಿದು ಹಾಕಿದವು.

ಕರಾವಳಿಗೆ ನನ್ನ ಅಂಕ ಐದಕ್ಕೆ ನಾಲ್ಕು. ಒಳನಾಡಲ್ಲಿ, ಧೂಳು ಕಡಿಮೆ ಇರೋ ಕಡೆ, ಪಿಂಗಾಣಿ ಬದಲಿಸಿ ಅಂತ ನಾನು ಹೇಳಲಾರೆ. ಈ ಸಲದ ಇಂಡೆಂಟ್‌ನಲ್ಲಿ (ಸಾಮಾನಿನ ಬೇಡಿಕೆ ಪಟ್ಟಿಯಲ್ಲಿ) ಆಮ್ಲ ತಡೆಯುವ ರಾಡ್ ಕೇಳಿದ್ದೇವೆ. ಬಳೆ ಒಂದೇ ದಿಕ್ಕಿನಲ್ಲಿ ಕೂರುವ ಕ್ಲಾಂಪೂ ಬೇಕು ಅಂತ ಬರೆದಿದ್ದೇವೆ.