ಮೂರು ಮಿನಿಸ್ಕ್ರೂಗಳು: ವ್ಯಾಸ, ಆಕಾರ, ಲೋಹ

ಮುಂದಿನ ಹಲ್ಲುಗಳನ್ನು ಹಿಂದಕ್ಕೆಳೆಯುವಾಗ ದವಡೆಹಲ್ಲುಗಳು ಮುಂದಕ್ಕೆ ಜರುಗದಂತೆ ಮೂಳೆಯಿಂದಲೇ ಆಸರೆ ಪಡೆಯುವುದಕ್ಕೆ ಮಿನಿಸ್ಕ್ರೂ ಎಂಬ ಪುಟ್ಟ ಲೋಹದ ಸ್ಕ್ರೂವನ್ನು ಬಳಸುತ್ತೇವೆ. ನಾನು ಬಹುಕಾಲ ನೆಚ್ಚಿಕೊಂಡಿದ್ದ ತೆಳ್ಳಗಿನ ಸ್ಕ್ರೂ ಒಂದರ ತುದಿ ರೋಗಿಯೊಬ್ಬರ ಕೆಳದವಡೆಯಲ್ಲಿ ಮುರಿದು ಉಳಿದ ಮೇಲೆ, ಮೂರು ಬಗೆಯ ಸ್ಕ್ರೂಗಳನ್ನು ಪಾಲಿಯುರಿಥೇನ್‌ನ ಕೃತಕ ಮೂಳೆಯಲ್ಲಿ ಟಾರ್ಕ್ (ತಿರುಗಿಸುವ ಬಲ) ಅಳೆಯುವ ಡ್ರೈವರ್‌ನಿಂದ ಕೂರಿಸಿ ನೋಡಿದೆ. ಆನಂತರ ಚಿಕಿತ್ಸೆಯಲ್ಲೂ ಅವುಗಳನ್ನು ಗಮನಿಸುತ್ತ ಬಂದಿದ್ದೇನೆ. ಮೂರರ ಉದ್ದವೂ 8 ಮಿ.ಮೀ. ಮೊದಲನೆಯದು 1.3 ಮಿ.ಮೀ. ವ್ಯಾಸದ, ಬುಡದಿಂದ ಕೊನೆಯವರೆಗೆ ಒಂದೇ ದಪ್ಪವಿರುವ ಟೈಟೇನಿಯಂ ಮಿಶ್ರಲೋಹದ ಸ್ಕ್ರೂ. ಎರಡನೆಯದು ಅದೇ ಲೋಹದ್ದು, 1.6 ಮಿ.ಮೀ. ವ್ಯಾಸದ್ದು, ತುದಿಯತ್ತ ಸಣ್ಣಗಾಗುತ್ತ ಹೋಗುವಂಥದ್ದು. ಮೂರನೆಯದು ಎರಡನೆಯದರ ಆಕಾರದಲ್ಲೇ ಇರುವ ಸ್ಟೇನ್‌ಲೆಸ್ ಸ್ಟೀಲಿನದು.

ತೆಳ್ಳಗಿನ ಸ್ಕ್ರೂವಿನ ಆಕರ್ಷಣೆ ಸಹಜವಾದುದು. ಎರಡು ಬೇರುಗಳ ನಡುವಿನ ಇಕ್ಕಟ್ಟಿನಲ್ಲಿ ಅದು ಎರಡೂ ಬದಿಗೆ ಹೆಚ್ಚು ಮೂಳೆಯನ್ನು ಉಳಿಸುತ್ತದೆ; ಬೇರಿಗೆ ತಾಗಿದ ಸ್ಕ್ರೂ ಸಡಿಲವಾಗುವ ಸಂಭವ ಹೆಚ್ಚು. ಆದರೆ ತಿರುಚುವಿಕೆಯನ್ನು ತಡೆಯುವ ಶಕ್ತಿ ಒಳತಿರುಳಿನ (ಸುರುಳಿ ಏಣುಗಳನ್ನು ಬಿಟ್ಟ ನಡುಭಾಗದ) ವ್ಯಾಸದ ಘನಕ್ಕೆ ಅನುಗುಣವಾಗಿರುವುದರಿಂದ, ಒಳತಿರುಳೂ ಅದೇ ಪ್ರಮಾಣದಲ್ಲಿ ದಪ್ಪವಾದರೆ, 1.3ರಿಂದ 1.6ಕ್ಕೆ ಹೋದಾಗ ಆ ಶಕ್ತಿ ಸುಮಾರು 1.9 ಪಟ್ಟಾಗುತ್ತದೆ. ಕೃತಕ ಮೂಳೆಯ ಗಟ್ಟಿ ತುಂಡಿನಲ್ಲಿ ತೆಳ್ಳಗಿನ ಸ್ಕ್ರೂ ಕೂರಿಸುವಾಗ ಇದು ಕೈಗೇ ತಿಳಿಯಿತು: ಹಿಡಿ ತಿರುಗುತ್ತಿತ್ತು, ಸ್ಕ್ರೂ ಮಾತ್ರ ಒಳಗೆ ಇಳಿಯುತ್ತಿರಲಿಲ್ಲ, ಅಷ್ಟು ಹೊತ್ತು ಬಿಗಿಯಾಗಿದ್ದ ಎದುರೊತ್ತು ಬೆರಳಿನಡಿ ಮೆಲ್ಲಗೆ ಕರಗಿದಂತಾಯಿತು. ಲೋಹ ಸೋಲತೊಡಗಿದ ಕ್ಷಣವದು. ಮುರಿಯುವ ಮುನ್ನ ಸಿಗುವ ಎಚ್ಚರಿಕೆ ಅಷ್ಟೇ, ಮತ್ತು ರೋಗಿಯ ಬಾಯಲ್ಲಿ ಅದನ್ನು ಗುರುತಿಸುವುದು ಇನ್ನೂ ಕಷ್ಟ.

ತುದಿಯತ್ತ ಸಣ್ಣಗಾಗುವ ಸ್ಕ್ರೂವಿನಲ್ಲಿ ಕೊನೆಯ ಸುತ್ತುಗಳಲ್ಲಿ ಟಾರ್ಕ್ ಏರುತ್ತಲೇ ಹೋಗುತ್ತದೆ, ಏಕೆಂದರೆ ದಪ್ಪ ಭಾಗವು ಹೊರಪದರದ ಗಟ್ಟಿಮೂಳೆಯನ್ನು ಒತ್ತಿಕೊಂಡು ಕೂರುತ್ತದೆ. ಆರಂಭದ ಬಿಗಿತವೇ ಎಲ್ಲವೂ ಆಗಿರುವ ಈ ಸಾಧನಕ್ಕೆ ಅದು ದೊಡ್ಡ ಗುಣ. ಆದರೆ ಕೂರಿಸುವ ಟಾರ್ಕ್ 5ರಿಂದ 10 ನ್ಯೂಟನ್-ಸೆಂಟಿಮೀಟರ್ ಒಳಗಿರಲಿ ಎಂಬ ಮಾತು ಸುಮ್ಮನೆ ಬಂದುದಲ್ಲ. ಅತಿಯಾದ ಒತ್ತಡ ಸುತ್ತಲಿನ ಮೂಳೆಯನ್ನೇ ಘಾಸಿಗೊಳಿಸಿ, ಮೊದಲ ದಿನ ಭದ್ರವಾಗಿದ್ದ ಸ್ಕ್ರೂವನ್ನು ಕೆಲವೇ ವಾರಗಳಲ್ಲಿ ಅಲುಗಾಡಿಸಬಲ್ಲದು. ಗಟ್ಟಿ ತುಂಡಿನಲ್ಲಿ ಮೊದಲೇ ರಂಧ್ರ ಕೊರೆಯದೆ ಕೂರಿಸಿದಾಗ ಎರಡನೆಯ ಸ್ಕ್ರೂ ಈ ಮಿತಿಯನ್ನು ಸಲೀಸಾಗಿ ದಾಟಿತು.

ಲೋಹದ ವ್ಯತ್ಯಾಸ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಸ್ಟೀಲಿನ ಸ್ಥಿತಿಸ್ಥಾಪಕ ಗುಣಾಂಕ (ಬಾಗದೆ ನಿಲ್ಲುವ ಬಿಗುವಿನ ಅಳತೆ) ಸುಮಾರು 190 ಗಿಗಾಪಾಸ್ಕಲ್, ಟೈಟೇನಿಯಂ ಮಿಶ್ರಲೋಹದ್ದು ಸುಮಾರು 110; ಆದರೂ ನಾವು ಹಾಕುವ 150–200 ಗ್ರಾಂ ಎಳೆತಕ್ಕೆ ಎರಡೂ ಲೆಕ್ಕಕ್ಕೆ ಬರುವಷ್ಟು ಬಾಗುವುದಿಲ್ಲ. ಸ್ಟೀಲಿನ ಲಾಭ, ಅಂದರೆ ಮುರಿಯುವ ಭಯ ಕಡಿಮೆ ಎಂಬುದು, ಕೂರಿಸುವಾಗಲೇ ಕಾಣುವಂಥದ್ದು. ಅದರಲ್ಲಿ ನಿಕೆಲ್ ಇರುವುದರಿಂದ, ನಿಕೆಲ್ ಅಲರ್ಜಿ ಇರುವವರಿಗೆ ಮಾತ್ರ ಅದನ್ನು ನಾನು ಹಾಕುವುದಿಲ್ಲ.

ತಲೆಯ ವಿನ್ಯಾಸವೂ ಮುಖ್ಯ. ಗುಂಡಿಯಂಥ ನುಣುಪಾದ ತಲೆ ಕೆನ್ನೆಯನ್ನು ಕಡಿಮೆ ಉಜ್ಜುತ್ತದೆ. ಹಲ್ಲಿಗೆ ಅಂಟಿಸುವ ಬ್ರಾಕೆಟ್‌ನಂಥ ಸೀಳಿರುವ ತಲೆ ತಂತಿಯನ್ನು ಹಿಡಿದಿಡುತ್ತದೆ. ಕುತ್ತಿಗೆಯಲ್ಲಿ ಅಡ್ಡರಂಧ್ರವಿರುವ ಮಾದರಿಗಳು ದಾರ ಕಟ್ಟಲು ಅನುಕೂಲವೆನಿಸಿದರೂ, ಅತಿ ಹೆಚ್ಚು ತಿರುಚು ಬೀಳುವ ಜಾಗದಲ್ಲೇ ಲೋಹವನ್ನು ಕಳೆದಿರುವುದರಿಂದ ನನಗೆ ಸಮಾಧಾನವಿಲ್ಲ.

ಈಗ ಮೇಲ್ದವಡೆಗೆ ಎರಡನೆಯದನ್ನು ರಂಧ್ರ ಕೊರೆಯದೆ ನೇರವಾಗಿ ಕೂರಿಸುತ್ತೇನೆ. ಮೂಳೆ ಹೆಚ್ಚು ಗಟ್ಟಿಯಿರುವ ಕೆಳದವಡೆಯಲ್ಲಿ ಮೂರನೆಯದು, ಅದೂ ತಣ್ಣನೆಯ ಸಲೈನ್ ಹರಿಸುತ್ತ ಹೊರಪದರದಲ್ಲಿ ಸಣ್ಣ ರಂಧ್ರ ಕೊರೆದ ಮೇಲೆ. ಎದುರೊತ್ತು ಹಠಾತ್ತನೆ ಏರಿದರೆ ಅಲ್ಲೇ ನಿಲ್ಲಿಸಿ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಮತ್ತೆ ನಿಧಾನವಾಗಿ ಮುಂದುವರಿಯುತ್ತೇನೆ.