ಫ್ಲಾಯ್ಡ್ ಕಂಟ್ರಿ ಸ್ಟೋರ್: ಭಾನುವಾರ ಮಧ್ಯಾಹ್ನವೇ ಹೋಗಿ

ಅಮೆರಿಕದ ವರ್ಜೀನಿಯಾದ ಬ್ಲೂ ರಿಜ್ ಬೆಟ್ಟಗಳ ಕಡೆಯ ಪುಟ್ಟ ಊರು ಫ್ಲಾಯ್ಡ್. ಅಲ್ಲಿನ ಕಂಟ್ರಿ ಸ್ಟೋರ್ ಎಂಬ ಹಳ್ಳಿ ಅಂಗಡಿಯಲ್ಲಿ ಶುಕ್ರವಾರ ರಾತ್ರಿಯ ಸಂಗೀತ ಕೂಟ ‘ಜಾಂಬೊರಿ’ಯೇ ಹೆಸರುವಾಸಿ, ಕುಣಿತವೂ ಜೋರು, ಆದರೆ ನನ್ನ ಮನಸ್ಸು ಸೋತಿದ್ದು ಭಾನುವಾರದ ಓಲ್ಡ್-ಟೈಮ್ ಜ್ಯಾಮ್‌ಗೆ, ಅಂದರೆ ಹಳೆಯ ಜನಪದ ಧಾಟಿಗಳನ್ನು ಕೂಡಿ ನುಡಿಸುವ ಕೂಟಕ್ಕೆ. ಫಿಡಲ್ (ಪಿಟೀಲು), ಬ್ಯಾಂಜೊ ಎಂಬ ತಂತಿವಾದ್ಯ, ಗಿಟಾರ್ ಹಿಡಿದು ಸುತ್ತ ಕೂತವರು ಒಂದೇ ಧಾಟಿಯನ್ನು ಎಲ್ಲರೂ ಸೇರಿ ಮತ್ತೆ ಮತ್ತೆ ನುಡಿಸುತ್ತಾರೆ. ಇನ್ನೊಂದು ಅಮೆರಿಕನ್ ಶೈಲಿಯಾದ ಬ್ಲೂಗ್ರಾಸ್‌ನ ಹಾಗೆ ಸರದಿ ಪ್ರಕಾರ ಸೋಲೊ ಇಲ್ಲ. ನಾಲ್ಕೈದು ಸುತ್ತು ಆಗುವಷ್ಟರಲ್ಲಿ ಕಾಲು ತಾನಾಗಿ ತಾಳ ಹಾಕುತ್ತದೆ. ಎ ಶ್ರುತಿಯ ಧಾಟಿಗಳಿಗೆ ಫಿಡಲ್ ತಂತಿಗಳನ್ನು ಎ-ಇ-ಎ-ಇ ಎಂದು ಶ್ರುತಿ ಮಾಡಿಕೊಳ್ಳುವುದುಂಟು, ಅಂದರೆ ನಮ್ಮ ಪಿಟೀಲಿನ ಸ-ಪ-ಸ-ಪ ಅಲ್ವಾ! ಬ್ಯಾಂಜೊದ ಗಿಡ್ಡ ಐದನೇ ತಂತಿಯೂ ತಂಬೂರಿಯಂತೆ ಒಂದೇ ಸ್ವರ ಹಿಡಿದಿರುತ್ತದೆ. ಸ್ವಲ್ಪ ಬೇಗ ಹೋಗಿ, ವಾದ್ಯದವರ ಹತ್ತಿರದ ಕುರ್ಚಿ ಹಿಡಿದು ಸುಮ್ನೆ ಕಣ್ಣು ಮುಚ್ಚಿ ಕೇಳಿ.