ಲೋವರ್ ಮಾಡಿಸಿದ ಕಾರಿನ ಸೈಲೆನ್ಸರ್‌ಗೆ ಪ್ಲೇಟು: ದಾವಣಗೆರೆ ರಸ್ತೆಗೆ ಯಾವುದು ತಾಳುತ್ತದೆ?

ಕಾರನ್ನು ನೆಲಕ್ಕೆ ಹತ್ತಿರ ಇಳಿಸಿ ಲೋವರ್ ಮಾಡಿಸುವವರು ಸ್ಪ್ರಿಂಗು, ಅಲಾಯ್ ವೀಲು, ಟೈರು ಅಂತ ಗಂಟೆಗಟ್ಟಲೆ ವಿಚಾರಿಸುತ್ತಾರೆ. ಅಡಿಯಲ್ಲಿ ನೇತಾಡುವ ಸೈಲೆನ್ಸರ್ ಪೈಪಿನ ನೆನಪು ಬರುವುದು ಮೊದಲ ಸಲ ಹಂಪ್ಸ್ ಮೇಲೆ ‘ಕರ್ರ್’ ಅಂದ ಮೇಲೆಯೇ. ಆಗ ಕಣ್ಣಿಗೆ ಬೀಳುವ ದಾರಿ ಮೂರು: ಆನ್‌ಲೈನ್‌ನಲ್ಲಿ ತರಿಸುವ ಕ್ಲ್ಯಾಂಪ್ ಪ್ಲೇಟು, ಊರಿನ ಸೈಲೆನ್ಸರ್ ಅಂಗಡಿಯಲ್ಲಿ ವೆಲ್ಡ್ ಮಾಡಿಸುವ ಕಬ್ಬಿಣದ ಪಟ್ಟಿ, ಇಡೀ ತಳ ಮುಚ್ಚುವ ಅಲ್ಯೂಮಿನಿಯಂ ಶೀಟು. ನಮ್ಮ ಓಟು ಎರಡನೆಯದಕ್ಕೆ. ಆದರೆ ಸರಿಯಾದ ಜಾಗದಲ್ಲಿ, ಸರಿಯಾಗಿ ವೆಲ್ಡ್ ಮಾಡಿಸಿದರೆ ಮಾತ್ರ.

ಪ್ಲೇಟು ಇರುವುದು ಪೆಟ್ಟು ತಡೆಯುವುದಕ್ಕಲ್ಲ, ಜಾರಿಸುವುದಕ್ಕೆ. ಅದು ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ತಳಕ್ಕೂ ನಡುವಿನ ಅಂತರ, ಹೆಚ್ಚಿಸುವುದಿಲ್ಲ. ತನ್ನ ದಪ್ಪದಷ್ಟು ಇನ್ನೂ ಕಡಿಮೆ ಮಾಡುತ್ತದೆ. ಎಲ್ಲಿ ಜಾರುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ಸ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. 2.6 ಮೀಟರ್ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಇರುವ ಸೆಡಾನು ಅದರ ನಡುಮಧ್ಯ ನಿಂತಾಗ ನಾಲ್ಕೂ ಚಕ್ರ ಹಂಪ್ಸ್ ಮೇಲೆಯೇ, ಸುಮಾರು 5 ಸೆಂ.ಮೀ. ಎತ್ತರದಲ್ಲಿ ಇರುತ್ತವೆ. ಹಾಗಾಗಿ ಕಾರಿನ ಹೊಟ್ಟೆಯ ಕಡೆಗೆ ಎದ್ದು ಬರುವುದು ಬರೀ 5 ಸೆಂ.ಮೀ. ಅದೇ ಜಗಳೂರು, ಚನ್ನಗಿರಿ ಕಡೆಯ ಹಳ್ಳಿಯೊಳಗೆ ಊರಿನವರೇ ಹಾಕಿಕೊಂಡ ಒಂದು ಮೀಟರ್ ಅಗಲ, 15 ಸೆಂ.ಮೀ. ಎತ್ತರದ ದಿಬ್ಬವಾದರೆ ಮುಂದಿನ ಚಕ್ರ ಇಳಿದು ನೆಲ ಸೇರಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, 15 ಸೆಂ.ಮೀ. ಪೂರ್ತಿ ಹೊಟ್ಟೆಗೇ ಬರುತ್ತದೆ.

165 ಮಿ.ಮೀ. ಕ್ಲಿಯರೆನ್ಸ್ ಇದ್ದ ಕಾರನ್ನು 40 ಇಳಿಸಿದರೆ ಉಳಿಯುವುದು 125. ನಾಲ್ಕು ಜನ ಕೂತು ಇನ್ನೊಂದು 30 ಇಳಿಯಿತು ಅನ್ನಿ, 95. ನಿಯಮದ ಹಂಪ್ಸ್ ಆರಾಮಾಗಿ ದಾಟುತ್ತದೆ. ಹಳ್ಳಿ ದಿಬ್ಬಕ್ಕೆ ಯಾವ ಪ್ಲೇಟೂ ಸಾಲದು, ಜನರನ್ನು ಇಳಿಸಿ ಓರೆಯಾಗಿ ಹತ್ತಿಸಬೇಕು, ಇಲ್ಲವೇ ಬೇರೆ ದಾರಿ ನೋಡಬೇಕು. ಪ್ಲೇಟಿನ ನಿಜವಾದ ಕೆಲಸ ಇವೆರಡರ ನಡುವಿನದು: ಕಾಂಕ್ರೀಟ್ ರಸ್ತೆಯಲ್ಲಿ ಎದ್ದು ನಿಂತ ಮ್ಯಾನ್‌ಹೋಲ್ ಮುಚ್ಚಳ, ಪೈಪ್‌ಲೈನಿಗೆ ಅಗೆದು ಮುಚ್ಚಿದ ಏಣು, ಹೆದ್ದಾರಿ 48ರಿಂದ ಸರ್ವಿಸ್ ರಸ್ತೆಗೆ ಇಳಿಯುವಾಗ ಸಿಗುವ ಡಾಂಬರಿನ ಅಂಚು.

ಮೊದಲು ಕ್ಲ್ಯಾಂಪ್ ಪ್ಲೇಟು. 3 ಮಿ.ಮೀ. ಸ್ಟೇನ್‌ಲೆಸ್, ನೋಡಲು ಚೆಂದ, ಪಾನಾ (ಸ್ಪ್ಯಾನರ್) ಹಿಡಿದೇ ಹಾಕಬಹುದು, ವೆಲ್ಡಿಂಗ್ ಬೇಡ. ತೊಂದರೆ ಇರುವುದು ಕ್ಲ್ಯಾಂಪಿನಲ್ಲಿ. ಯು ಬೋಲ್ಟ್ ಮಾದರಿಯದಾದರೆ ನಟ್ಟು ಮತ್ತು ಥ್ರೆಡ್ಡಿನ ತುದಿ ಕೆಳಮುಖವಾಗಿ ನಿಂತು, ಕಾರಿನ ಅತ್ಯಂತ ತಗ್ಗಿನ ಭಾಗ ಅದೇ ಆಗುತ್ತದೆ. ಪಟ್ಟಿ ಕ್ಲ್ಯಾಂಪಾದರೆ ಪೈಪ್ ಕಾದು ತಣಿದು, ಕಾದು ತಣಿದು ಹಿಡಿತ ಸಡಿಲವಾಗುತ್ತದೆ. ಒಂದು ಓರೆ ಪೆಟ್ಟು ಬಿದ್ದರೆ ಪ್ಲೇಟು ಪೈಪಿನ ಸುತ್ತ ತಿರುಗಿ ಪಕ್ಕಕ್ಕೆ ಕೂರುತ್ತದೆ. ಕೊಂಡೇ ತೀರುವುದಾದರೆ ಪೈಪಿನ ಹೊರ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು ತರಿಸಿ, ಸ್ಕ್ರೂ ಭಾಗ ಮೇಲೆ ಬರುವ ಹಾಗೆ ಕಟ್ಟಿ, ವಾರದ ನಂತರ ಮತ್ತೆ ಬಿಗಿ ಮಾಡಿ. ನಗರದೊಳಗಷ್ಟೇ ಓಡಾಡುವ ಕಾರಿಗೆ ನಡೆಯುತ್ತದೆ.

ಅಲ್ಯೂಮಿನಿಯಂ ಶೀಟನ್ನು ಈ ಭಾಗಕ್ಕೆ ಬೇಡವೇ ಬೇಡ ಅನ್ನುತ್ತೇವೆ. ಒಂದು ಮೀಟರ್ ಉದ್ದ, 40 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ್ದು ಎರಡು ಕೆ.ಜಿ. ಚಿಲ್ಲರೆ ತೂಗುತ್ತದೆ; ತೂಕ ದೊಡ್ಡ ಮಾತಲ್ಲ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಕಲ್ಲು ಜಾರುವ ಬದಲು ಕೊರೆದುಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಒಳಗೆ ತುಂಬಿಕೊಂಡು ಒಣಗಿ ಗಟ್ಟಿಯಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಬೆಂಕಿ. ಸುಗ್ಗಿಯಲ್ಲಿ ರಾಗಿ, ಹುರುಳಿ ಮೆದೆ ಬಿಚ್ಚಿ ರಸ್ತೆಗೇ ಹರಡಿ ಒಕ್ಕಣೆ ಮಾಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಆ ಹುಲ್ಲು ಶೀಟಿಗೂ ಪೈಪಿಗೂ ನಡುವೆ ಸಿಕ್ಕಿಕೊಂಡರೆ, ನೂರಾರು ಡಿಗ್ರಿ ಕಾದಿರುವ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ, ‘ಕ್ಯಾಟ್’) ಪಕ್ಕದಲ್ಲೇ ಒಣ ಸೊಪ್ಪು ಕೂತಂತೆ. ಲೋವರ್ ಕಾರಿಗೆ ಪ್ಲೇಟಿಲ್ಲದಿದ್ದರೂ ಈ ಅಪಾಯ ಇದ್ದೇ ಇದೆ. ಶೀಟು ಅದನ್ನು ಹೆಚ್ಚಿಸುತ್ತದೆ. ಒಕ್ಕಣೆ ಮೇಲೆ ಹಾಯ್ದ ಮೇಲೆ ಸುಟ್ಟ ವಾಸನೆ ಬಂದರೆ ಗಾಡಿ ಹುಲ್ಲಿನಿಂದ ಆಚೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಬಗ್ಗಿ ನೋಡಿ. ಕೈ ಹಾಕಿ ಎಳೆಯಬೇಡಿ, ಕೋಲಿನಿಂದ ತೆಗೆಯಿರಿ.

ಈಗ ವೆಲ್ಡಿಂಗ್ ಪಟ್ಟಿ. ಪೆಟ್ಟು ಹೆಚ್ಚಾಗಿ ಬೀಳುವುದು ಪೈಪಿನ ಮೇಲಲ್ಲ, ಎರಡು ಪೈಪು ಸೇರುವ ಫ್ಲ್ಯಾಂಜಿನ ಮೇಲೆ. ಅದು ಪೈಪಿಗಿಂತ 20 ಮಿ.ಮೀ. ಆಸುಪಾಸು ಕೆಳಗೆ ಇಳಿದಿರುತ್ತದೆ, ಮುಂದಿನ ಮುಖ ಗೋಡೆಯಂತೆ ನೆಟ್ಟಗೆ. ಅಲ್ಲಿ ಸಿಕ್ಕಿಕೊಂಡರೆ ಎಳೆತ ಪೈಪನ್ನು ತೂಗುಹಾಕಿರುವ ಹ್ಯಾಂಗರ್ ರಬ್ಬರಿಗೆ, ಗ್ಯಾಸ್ಕೆಟ್ಟಿಗೆ, ಫ್ಲೆಕ್ಸ್ ಪೈಪಿಗೆ, ಕೊನೆಗೆ ಇಂಜಿನ್ನಿಗೆ ಕೂಡುವ ಮ್ಯಾನಿಫೋಲ್ಡಿನ ಸ್ಟಡ್ಡಿನ ತನಕ ಹೋಗುತ್ತದೆ. ಪ್ಲೇಟು ಬೇಕಿರುವುದು ಈ ಗೋಡೆಯ ಮುಂದೆ ಇಳಿಜಾರು ಕಟ್ಟುವುದಕ್ಕೆ.

75 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಎಂಎಸ್ ಫ್ಲ್ಯಾಟ್ (ಮೈಲ್ಡ್ ಸ್ಟೀಲ್ ಪಟ್ಟಿ) 250 ಮಿ.ಮೀ. ಕತ್ತರಿಸಿದರೆ ಸಾಕು, ಮುಕ್ಕಾಲು ಕೆ.ಜಿ. ಬರುತ್ತದೆ. ಮುಂದಿನ 70 ಮಿ.ಮೀ. ಪೈಪಿನಿಂದ ಕೆಳಕ್ಕೆ ಇಳಿಯುವ ಇಳಿಜಾರು, ನಡುವಿನ 110 ಫ್ಲ್ಯಾಂಜಿನ ಅಡಿಗೆ ಚಪ್ಪಟೆ, ಹಿಂದಿನ 70 ಮತ್ತೆ ಪೈಪಿನ ಕಡೆಗೆ ಏರಿಕೆ. ಮೂರು ಮಿ.ಮೀ. ಮುಂದೆ ಹೋದರೆ ಒಂದು ಮಿ.ಮೀ. ಇಳಿಯುವಷ್ಟು ಓರೆ ಸರಿ. ಇದಕ್ಕಿಂತ ಕಡಿದಾದರೆ ಜಾರುವುದಿಲ್ಲ, ಗುದ್ದುತ್ತದೆ. ಹಿಂದಿನ ಏರಿಕೆಯನ್ನು ಅಂಗಡಿಯವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮನೆ ಮುಂದಿನ ರ‍್ಯಾಂಪಿನಿಂದ ರಿವರ್ಸ್ ಇಳಿಯುವಾಗ ಪ್ಲೇಟು ಕಿತ್ತು ಬರುವುದು ಆ ಕಾರಣಕ್ಕೇ.

ವೆಲ್ಡ್ ಬೀಳಬೇಕಾದ್ದು ಫ್ಲ್ಯಾಂಜಿನ ಮುಂದಿನ ಬದಿಯ ಪೈಪಿಗೆ ಮಾತ್ರ. ಮುಂದಿನ ಅಂಚು ಪೈಪಿಗೆ ಪೂರ್ತಿ ಕೂಡಿರಬೇಕು, ಉಗುರು ಸಿಕ್ಕುವಷ್ಟೂ ಸಂದು ಇರಬಾರದು. ಇಳಿಜಾರಿನ ಎರಡು ಪಕ್ಕಕ್ಕೆ ತ್ರಿಕೋನದ ತುಂಡು ಕೊಟ್ಟು, 20-25 ಮಿ.ಮೀ. ತುಂಡು ತುಂಡಾಗಿ ಬೆಸುಗೆ ಹಾಕಿಸಿ. ನೀರು ಇಳಿಯಲು ಒಂದು ತೂತು ಬಿಡಿಸಿ. ಹಿಂದಿನ ತುದಿ ಪೈಪಿಗೆ 3 ಮಿ.ಮೀ. ಅಂತರದಲ್ಲಿ ಬಿಡುವಾಗಿಯೇ ಇರಲಿ. ‘ಗಟ್ಟಿ ಇರ್ಲಿ ಸಾರ್’ ಅಂತ ಎರಡೂ ಕಡೆ ಬೆಸೆದುಬಿಟ್ಟರೆ ಎರಡು ತಾಪತ್ರಯ. ಒಂದು, ಮುಂದೆ ಸೈಲೆನ್ಸರ್ ಬಿಚ್ಚಲು ಪ್ಲೇಟನ್ನೇ ಕತ್ತರಿಸಬೇಕು. ಎರಡು, ಪೈಪ್ ಕಾದಷ್ಟು ಪ್ಲೇಟು ಕಾಯುವುದಿಲ್ಲ. ಒಂದು ಹಿಗ್ಗುತ್ತದೆ, ಇನ್ನೊಂದು ಅಷ್ಟು ಹಿಗ್ಗುವುದಿಲ್ಲ, ಜಗ್ಗಾಟದಲ್ಲಿ ಬೆಸುಗೆಯ ಪಕ್ಕದ ಪೈಪು ಬಿರಿಯುತ್ತದೆ.

ಫ್ಲೆಕ್ಸ್ ಪೈಪಿನ ವಿಷಯದಲ್ಲಿ ಇನ್ನೂ ಹುಷಾರು ಬೇಕು. ಇಂಜಿನ್ ಅಲುಗಿದ್ದನ್ನು ಹಿಂದಕ್ಕೆ ಬಿಡದಿರಲೆಂದೇ ಆ ಜಾಲರಿ ಪೈಪು ಇರುವುದು. ಅದರ ಎರಡೂ ತುದಿಗೆ ಪಟ್ಟಿ ಬೆಸೆದರೆ ಫ್ಲೆಕ್ಸ್ ಇದ್ದೂ ಇಲ್ಲದಂತೆ. ಫ್ಲೆಕ್ಸಿಗೆ ರಕ್ಷಣೆ ಬೇಕಾದರೆ ಸಬ್‌ಫ್ರೇಮಿಗೆ (ಇಂಜಿನ್ ಅಡಿಯ ಉಕ್ಕಿನ ಚೌಕಟ್ಟಿಗೆ) ಬೋಲ್ಟ್ ಆಗುವ ಗಾರ್ಡ್ ಹಾಕಿಸಿ, ಫ್ಲೆಕ್ಸಿಗೂ ಅದಕ್ಕೂ 15 ಮಿ.ಮೀ. ಆದರೂ ಬಿಡಿಸಿ.

ಅಂಗಡಿ ಆರಿಸುವಾಗ ಬೋರ್ಡು ನೋಡಬೇಡಿ, ಮೆಷಿನ್ ನೋಡಿ. ಕಂಪನಿ ಪೈಪಿನ ತಗಡು ಒಂದೂವರೆ ಮಿ.ಮೀ. ಸುತ್ತಮುತ್ತ ಇರುತ್ತದೆ. ಗೇಟು, ಗ್ರಿಲ್ಲು ಮಾಡುವ ಕಡೆ ಆರ್ಕ್ ರಾಡ್ ಹಿಡಿದರೆ ಪ್ಲೇಟು ಕೂರುವ ಮೊದಲು ಪೈಪು ತೂತಾಗಿರುತ್ತದೆ. ತೆಳು ತಗಡಿಗೆ ಒಗ್ಗುವ ಗ್ಯಾಸ್ ವೆಲ್ಡಿಂಗ್ ಮೆಷಿನ್, ಅಂದರೆ 0.8 ಮಿ.ಮೀ. ವೈರಿನ ಮಿಗ್ ಅಥವಾ ಟಿಗ್ ಇರುವ ಕಡೆ ಹೋಗಿ. ಕಂಪನಿ ಪೈಪು ಬಹುತೇಕ 409 ದರ್ಜೆಯ ಸ್ಟೇನ್‌ಲೆಸ್. ಅದಕ್ಕೆ ಎಂಎಸ್ ಕೂಡಿಸಲು 309ಎಲ್ ಫಿಲ್ಲರ್ (ಬೆಸುಗೆಯ ತಂತಿ) ಕೇಳಿ. ಸತು ಲೇಪಿಸಿದ ಜಿಐ ಶೀಟಿನ ತುಂಡು ಎತ್ತಿಕೊಂಡರೆ ಬೇಡ ಅನ್ನಿ, ಅದರ ಸತುವಿನ ಹೊಗೆ ವೆಲ್ಡ್ ಮಾಡುವವರಿಗೇ ಜ್ವರ ತರಿಸುತ್ತದೆ. ಬೆಸುಗೆಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ, ಅರ್ತ್ ಕ್ಲ್ಯಾಂಪನ್ನು ಅದೇ ಪೈಪಿಗೆ, ಬೆಸುಗೆಯ ಹತ್ತಿರ ಕಚ್ಚಿಸಿ, ಆಕ್ಸಿಜನ್ ಸೆನ್ಸರಿನ ಕನೆಕ್ಟರ್ ತೆಗೆಸಿ. ಇಷ್ಟಕ್ಕೆ ಮುಖ ಸಿಂಡರಿಸುವ ಅಂಗಡಿಯಲ್ಲಿ ಕಾರು ಬಿಡಬೇಡಿ. ‘ಹೆಂಗೂ ಬಿಚ್ಚಿದೀವಿ, ಕ್ಯಾಟ್ ತೆಗೆದುಬಿಡೋಣ’ ಅನ್ನುವವರೂ ಸಿಗುತ್ತಾರೆ. ಕಂಪನಿಯ ಮೂಲ ಸ್ವರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಹೊಗೆ ತಪಾಸಣೆಯ ತಲೆನೋವು ಬೇರೆ.

ದುಡ್ಡಿನ ಮಟ್ಟಿಗೆ ಕಬ್ಬಿಣಕ್ಕಿಂತ ಕೂಲಿಯೇ ಹೆಚ್ಚು. ಅದೇ ಕೂಲಿಯಲ್ಲಿ ಹ್ಯಾಂಗರ್ ರಬ್ಬರುಗಳನ್ನೂ ಬದಲಿಸಿಬಿಡಿ. ರಬ್ಬರಿನ ತೂತು ಎಳೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಪೈಪು ಒಂದು ಸೆಂ.ಮೀ. ಜೋತುಬಿದ್ದಿರುತ್ತದೆ; ಹೊಸ ರಬ್ಬರು ಅದನ್ನು ಹಾಗೇ ವಾಪಸ್ ಕೊಡುತ್ತದೆ. ಪ್ಲೇಟಿಗೆ ಬಣ್ಣ ಬೇಡ, ಮೊದಲ ಉಜ್ಜಿಗೇ ಹೋಗುತ್ತದೆ. 10 ಮಿ.ಮೀ. ಪಟ್ಟಿ ಹಾಕಿಸಿಕೊಳ್ಳುವ ಉತ್ಸಾಹವೂ ಬೇಡ: ಒಂದೂವರೆ ಕೆ.ಜಿ. ಭಾರ ಹ್ಯಾಂಗರಿಗೆ ಬೀಳುತ್ತದೆ, 5 ಮಿ.ಮೀ. ಕ್ಲಿಯರೆನ್ಸ್ ಸುಮ್ಮನೆ ಹೋಗುತ್ತದೆ.

ಹಾಕಿಸಿ ತಿಂಗಳಾದ ಮೇಲೆ ಪಿಟ್ ಮೇಲೆ ನಿಲ್ಲಿಸಿ ಪ್ಲೇಟಿನ ಗೀರು ನೋಡಿ. ಚಪ್ಪಟೆ ಭಾಗ ಉದ್ದುದ್ದ ಗೀರಿ ಫಳಫಳ ಹೊಳೆಯುತ್ತಿದ್ದರೆ ಕೆಲಸ ಸರಿಯಾಗಿ ನಡೆದಿದೆ. ಇಳಿಜಾರಿನ ಮೇಲೆ ಗುಳಿ ಬಿದ್ದಿದ್ದರೆ ವೇಗ ಜಾಸ್ತಿ. ಗೀರು ಒಂದೇ ಪಕ್ಕಕ್ಕಿದ್ದರೆ ಆ ಬದಿಯ ಹ್ಯಾಂಗರ್ ಸೋತಿದೆ. ಇಳಿಜಾರೇ ಮಡಚಿಕೊಂಡು ಫ್ಲ್ಯಾಂಜಿಗೆ ಒತ್ತಿದ್ದರೆ ಇನ್ನೂ ದಪ್ಪದ ಪ್ಲೇಟು ಹುಡುಕಬೇಡಿ, ಕಾರನ್ನೇ 10-15 ಮಿ.ಮೀ. ಎತ್ತಿಸಿ.